ಮೆಟಾಲಿಕಾಗೆ ಅರವತ್ತಾದ ಮೇಲೆ: ಹೊಸ ಆಲ್ಬಂ ಕೇಳಬೇಕೋ, ಲೈವ್ ಕೇಳಬೇಕೋ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಮೊದಲ ಐದು ಆಲ್ಬಂಗಳ ಬಗ್ಗೆ ನನಗೆ ಯಾರ ಹತ್ತಿರವೂ ತಕರಾರಿಲ್ಲ. 1983ರ ‘ಕಿಲ್ ಎಮ್ ಆಲ್’ನಿಂದ ಹಿಡಿದು 1991ರ ಕಪ್ಪು ಹೊದಿಕೆಯ ಆಲ್ಬಂವರೆಗೆ ಎಲ್ಲವೂ ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಫೋನಿಗೆ ನನ್ನ ಬೆನ್ನಿಗೇ ಬಂದಿವೆ. ತಕರಾರು ಇರುವುದು ಆಮೇಲಿನದರ ಬಗ್ಗೆ. ಹಾಡುವ ಜೇಮ್ಸ್ ಹೆಟ್‌ಫೀಲ್ಡ್, ಡ್ರಮ್ಸ್‌ನ ಲಾರ್ಸ್ ಉಲ್ರಿಕ್ ಇಬ್ಬರೂ 1963ರಲ್ಲಿ ಹುಟ್ಟಿದವರು. ಗಿಟಾರಿನ ಕರ್ಕ್ ಹ್ಯಾಮೆಟ್ ಅವರಿಗಿಂತ ಒಂದು ವರ್ಷ ದೊಡ್ಡವ, ಬಾಸ್ (ಕೆಳಸ್ವರದ ಗಿಟಾರ್) ನುಡಿಸುವ ರಾಬರ್ಟ್ ಟ್ರುಹಿಯೊ ಒಂದು ವರ್ಷ ಸಣ್ಣವ. ನಾಲ್ವರೂ ಅರವತ್ತು ದಾಟಿದ್ದಾರೆ. ನಮ್ಮ ಕಲಬುರಗಿಯಲ್ಲಿ ಆ ವಯಸ್ಸಿನವರು ಆಫೀಸಿನಲ್ಲಿ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು, ಸಂಜೆ ಅಪ್ಪನ ಕೆರೆಯ ಸುತ್ತ ವಾಕಿಂಗ್ ಶುರು ಮಾಡಿರುತ್ತಾರೆ. ಇವರು ಇನ್ನೂ ಸ್ಟೇಡಿಯಂ ತುಂಬಿಸುತ್ತಿದ್ದಾರೆ.

ಹೋಲಿಸಿ ನೋಡಬೇಕು ಅನ್ನಿಸಿದ್ದು ಅಕ್ಕನ ಮಗನಿಂದ. 2022ರಲ್ಲಿ ಒಂದು ವೆಬ್ ಸರಣಿಯಲ್ಲಿ ಇವರ 1986ರ ಹಾಡು ಬಂದು, ಆ ಹಾಡಿಗಿಂತ ಇಪ್ಪತ್ತು ವರ್ಷ ಸಣ್ಣ ಹುಡುಗರೆಲ್ಲ ಒಮ್ಮೆಲೇ ಅಭಿಮಾನಿಗಳಾದರಲ್ಲ, ಅವರಲ್ಲಿ ಇವನೂ ಒಬ್ಬ. ಹಳೆಯದನ್ನು ಮುಗಿಸಿದ ಮೇಲೆ ಬಂದು ಕೇಳಿದ: “ಮಾಮಾ, ಈ ಮುದುಕರು ಹೊಸಾದು ಏನರೆ ಚಲೋ ಮಾಡ್ಯಾರೇನು? ಎಲ್ಲಾ ಕೇಳ್ಲಾಕ ಟೈಮಿಲ್ಲ, ಒಂದೇ ಹೇಳು.”

ಒಂದೇ ಹೇಳುವುದು ಕಷ್ಟವಾಯಿತು. ಹಾಗಾಗಿ 2008, 2016, 2023ರ ಮೂರೂ ಆಲ್ಬಂಗಳನ್ನು, ಅವುಗಳ ಪಕ್ಕಕ್ಕೆ ಅದೇ ಕಾಲದ ಲೈವ್ ರೆಕಾರ್ಡಿಂಗ್‌ಗಳನ್ನು ಇಟ್ಟುಕೊಂಡು ಮತ್ತೆ ಕೇಳಿದೆ. ಸ್ವಲ್ಪ ಮನೆಯಲ್ಲಿ ಹೆಡ್‌ಫೋನಿನಲ್ಲಿ, ಹೆಚ್ಚಿನದು ಕಾರಿನಲ್ಲಿ. ಕೆಲಸದ ಮೇಲೆ ನಾನು ಆಗಾಗ ಬೀದರಿಗೆ ಹೋಗುವವನು. ಕಲಬುರಗಿಯಿಂದ ಕಮಲಾಪುರ, ಅಲ್ಲಿಂದ ಹುಮನಾಬಾದ್, ಆಮೇಲೆ ಬೀದರ್. ಆಲ್ಬಂ ಅಳೆಯಲು ಇದಕ್ಕಿಂತ ಒಳ್ಳೆಯ ಗಜಕಡ್ಡಿ ನನಗೆ ಸಿಕ್ಕಿಲ್ಲ. ಯಾವ ಊರು ಬಂದಾಗ ಕೈ ತಾನಾಗಿಯೇ ‘ಮುಂದಿನ ಹಾಡು’ ಒತ್ತುತ್ತದೆ ಎನ್ನುವುದೇ ಪರೀಕ್ಷೆ.

2003ರ ‘ಸೇಂಟ್ ಆ್ಯಂಗರ್’ ಈ ಸಾಲಿಗೆ ಬರುವುದಿಲ್ಲ. ಗಿಟಾರ್ ಒಂದೇ ಮುಂದೆ ಬಂದು ನುಡಿಸುವ ಸೋಲೋ ಒಂದೂ ಇಲ್ಲ, ಸ್ನೇರ್ ಡ್ರಮ್ಮಿನ ತಂತಿ ಬಿಚ್ಚಿಟ್ಟು ಬಾರಿಸಿದ್ದರಿಂದ ಖಾಲಿ ತಗಡಿನ ಡಬ್ಬಿಯ ಸದ್ದು, ಮೇಲೆ ಎಪ್ಪತ್ತೈದು ನಿಮಿಷದ ಉದ್ದ. ಬಾಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋಗಿದ್ದ, ಅದೇ ವರ್ಷ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸಾ ಕೇಂದ್ರ ಸೇರಿದ್ದ, ಬಾಸನ್ನು ಕೊನೆಗೆ ನಿರ್ಮಾಪಕ ಬಾಬ್ ರಾಕ್ ನುಡಿಸಿದ. ಮುರಿದ ಮನೆಯ ರೆಕಾರ್ಡಿಂಗ್ ಅದು. ಅದನ್ನು ಇಷ್ಟಪಡುವವರಿದ್ದಾರೆ, ಇರಲಿ. ಕಮಲಾಪುರದವರೆಗೂ ಹೋಗುವುದಿಲ್ಲ ಅದು, ಊರು ಬಿಡುವ ಮೊದಲೇ ನನ್ನ ಕೈ ಬಟನ್ ಮೇಲೆ ಹೋಗುತ್ತದೆ.

2008ರ ‘ಡೆತ್ ಮ್ಯಾಗ್ನೆಟಿಕ್’ ಬೇರೆ ಮಾತು. ಹಾಡು ಚೆನ್ನಾಗಿವೆ, ಕೇಳಿಸುವ ರೀತಿ ಕೆಟ್ಟದು. ರಿಕ್ ರೂಬಿನ್ ನಿರ್ಮಾಪಕನಾಗಿ ಬಂದು ಇವರನ್ನು ಹಳೆ ದಾರಿಗೆ ತಂದ: ಉದ್ದನೆಯ ಹಾಡು, ಮಧ್ಯೆ ಮಧ್ಯೆ ಗತಿ ಬದಲಾವಣೆ, ಸೋಲೋ ವಾಪಸ್. ನಾಲ್ಕನೆಯ ಹಾಡು ಮೆಲ್ಲಗೆ ಶುರುವಾಗಿ ಕೊನೆಗೆ ಭೋರ್ಗರೆಯಬೇಕು ಎನ್ನುವುದು 1984ರಿಂದ ಇವರ ಒಂದು ಪದ್ಧತಿ. 84, 86, 88, 91 ಎಲ್ಲ ಆಲ್ಬಂಗಳಲ್ಲೂ ನಾಲ್ಕನೆಯದು ನಿಧಾನದ್ದೇ. 2008ರಲ್ಲಿ ಅದನ್ನೂ ಮತ್ತೆ ಮಾಡಿದರು. ನನ್ನಂಥವನಿಗೆ ಅದು ಮನೆಗೆ ಬಂದಂತೆ ಆಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ದನಿಯ ಏರಿಳಿತವನ್ನೆಲ್ಲ ಹಿಂಡಿ ಒಂದೇ ಎತ್ತರಕ್ಕೆ ಒತ್ತಿಬಿಟ್ಟಿದ್ದಾರೆ. ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗಿ, ಡ್ರಮ್ ಬಿದ್ದ ಕಡೆಯೆಲ್ಲ ಕರಕರ ಅನ್ನುತ್ತದೆ. ಸ್ಪೀಕರ್ ಒಡೆದಿದೆ ಅಂದುಕೊಳ್ಳುವಷ್ಟು.

ಇದೇ ಆಲ್ಬಂ ಅದೇ ದಿನಗಳಲ್ಲಿ ‘ಗಿಟಾರ್ ಹೀರೋ’ ಎನ್ನುವ ವಿಡಿಯೋ ಗೇಮ್‌ಗೂ ಬಂತು. ಆಟಕ್ಕೆ ವಾದ್ಯ ವಾದ್ಯ ಬೇರೆ ಬೇರೆಯಾಗಿ ಬೇಕಾಗುತ್ತದೆ. ಹಾಗಾಗಿ ಅಲ್ಲಿಗೆ ಹೋದ ಟ್ರ್ಯಾಕ್‌ಗಳಿಗೆ ಈ ಹಿಂಡುವ ಕೆಲಸ ಆಗಿರಲಿಲ್ಲ. ಅಭಿಮಾನಿಗಳು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು, ಆಟದ ಪ್ರತಿ ಎಷ್ಟೋ ಪಾಲು ಮೇಲಿತ್ತು. ಆಲ್ಬಂ ಮತ್ತೆ ಮಿಕ್ಸ್ ಮಾಡಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಆ ಪ್ರತಿ ನನಗೂ ಗೆಳೆಯನೊಬ್ಬನಿಂದ ಸಿಕ್ಕಿತ್ತು, ಹೆಡ್‌ಫೋನಿನಲ್ಲಿ ಕೇಳಿದೆ. ಡ್ರಮ್ಮಿಗೆ ಉಸಿರು ಬಂದಿತ್ತು, ಬಾಸ್ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಜಗತ್ತಿನ ಅತಿ ದೊಡ್ಡ ಮೆಟಲ್ ಬ್ಯಾಂಡಿನ ಆಲ್ಬಂ, ಮಕ್ಕಳಾಟದಲ್ಲಿ ಚಂದ, ಅಂಗಡಿಯ ಸಿ.ಡಿ.ಯಲ್ಲಿ ಕರ್ಕಶ. ಇದನ್ನು ಈಗಲೂ ಕ್ಷಮಿಸಲು ಮನಸ್ಸು ಬರುವುದಿಲ್ಲ. ಗಂಟಲು ಸೋತರೆ ಅದು ವಯಸ್ಸು. ಇದು ವಯಸ್ಸಲ್ಲ, ಯಾರೋ ಕೂತು ತೆಗೆದುಕೊಂಡ ನಿರ್ಧಾರ. ಕಾರಿನಲ್ಲಿ, ಕಿಟಕಿ ಇಳಿಸಿದ್ದರೆ ಮಾತ್ರ, ಹುಮನಾಬಾದ್‌ವರೆಗೆ ನಡೆಯುತ್ತದೆ. ಗಾಳಿಯ ಸದ್ದು ಕರಕರವನ್ನು ಮುಚ್ಚುತ್ತದೆ.

2016ರ ನವೆಂಬರ್‌ನಲ್ಲಿ ಬಂದ ‘ಹಾರ್ಡ್‌ವೈರ್ಡ್’ ಎರಡು ಡಿಸ್ಕಿನದು, ಹನ್ನೆರಡು ಹಾಡು, ಒಟ್ಟು 77 ನಿಮಿಷ. ಮೊದಲ ಡಿಸ್ಕ್ ಸುಮಾರು 37 ನಿಮಿಷ. ಕಲಬುರಗಿ ಬಿಟ್ಟು ಕೆಂಪು ಬಾಳೆಹಣ್ಣಿನ ಕಮಲಾಪುರ ಮುಟ್ಟುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಈ ಮೊದಲ ಡಿಸ್ಕನ್ನೇ ಒಂದು ಆಲ್ಬಂ ಅಂತ ಬಿಟ್ಟು ಸುಮ್ಮನಾಗಿದ್ದರೆ ನಾನು ಇಷ್ಟೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ. ಮೂರು ನಿಮಿಷದ ಮೊದಲ ಹಾಡು ಮುಖಕ್ಕೆ ನೀರು ಎರಚುತ್ತದೆ. ಎಂಟು ನಿಮಿಷದ ಆರನೆಯ ಹಾಡಿನ ಕೊನೆಯಲ್ಲಿ ಎರಡು ಗಿಟಾರ್ ಸೇರಿ ನುಡಿಸುವ ಜಾಗದಲ್ಲಿ ನಾನು ಕಾರಿನ ವೇಗ ಇಳಿಸುತ್ತೇನೆ, ಊರು ಬೇಗ ಬಾರದಿರಲಿ ಅಂತ. ಎರಡನೇ ಡಿಸ್ಕ್ ಹಾಗಲ್ಲ. ತೀರಿಹೋದ, ಮೋಟರ್‌ಹೆಡ್ ಬ್ಯಾಂಡಿನ ಲೆಮ್ಮಿಯ ನೆನಪಿಗೆ ಬರೆದ ಹಾಡೂ ಅದರಲ್ಲಿದೆ, ಭಾವ ಖರೇ, ಹಾಡು ಸಪ್ಪೆ. ಕೊನೆಯ ಹಾಡು ಮಾತ್ರ ಏಳು ನಿಮಿಷದ ಗುಡುಗು, ಇಪ್ಪತ್ತೈದರ ಹುಡುಗರು ಬರೆದಂತಿದೆ. ಅಷ್ಟು ಒಳ್ಳೆಯದನ್ನು ಹನ್ನೆರಡನೆಯ ಜಾಗಕ್ಕೆ ತಳ್ಳಿದವರಿಗೆ ಏನನ್ನಬೇಕು? ಅದಕ್ಕೆ ಕಾಯುತ್ತ ಕಾಯುತ್ತ ಅರ್ಧ ಜನ ಬಂದ್ ಮಾಡಿಬಿಟ್ಟಿರುತ್ತಾರೆ.

ಈ ಆಲ್ಬಂಗೆ ಒಂದು ಕಥೆ ಇದೆ. ಹ್ಯಾಮೆಟ್ ತನ್ನ ಫೋನಿನಲ್ಲಿ ಇನ್ನೂರೈವತ್ತರಷ್ಟು ರಿಫ್ (ಹಾಡು ಕಟ್ಟಲು ಬೇಕಾದ ಗಿಟಾರಿನ ತುಣುಕು) ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಫೋನ್ ಕಳೆಯಿತು, ಬ್ಯಾಕಪ್ ಇರಲಿಲ್ಲ. ಹಾಗಾಗಿ ಆ ಹನ್ನೆರಡು ಹಾಡುಗಳ ಒಂದರ ರಚನೆಯಲ್ಲೂ ಅವನ ಹೆಸರಿಲ್ಲ. ಸೋಲೋಗಳು ಮಾತ್ರ ಅವನವು, ಅವುಗಳಲ್ಲಿ ಕಾಲಡಿಯ ವಾ-ವಾ ಪೆಡಲಿನ ಸದ್ದೇ ಹೆಚ್ಚು. ಹಳೆ ಸೋಲೋಗಳನ್ನು ಬಾಯಲ್ಲಿ ಗುನುಗಬಹುದು, ಇವನ್ನು ಗುನುಗಲು ಬರುವುದಿಲ್ಲ. ಅದೇ ಫರಕು.

ಇನ್ನು 2023ರ ಏಪ್ರಿಲ್‌ನ ‘72 ಸೀಸನ್ಸ್’. ಮನುಷ್ಯನ ಮೊದಲ ಹದಿನೆಂಟು ವರ್ಷ, ವರ್ಷಕ್ಕೆ ನಾಲ್ಕರಂತೆ ಎಪ್ಪತ್ತೆರಡು ಋತು, ಆ ಹೊತ್ತಿನಲ್ಲಿ ಮೈಗೆ ಅಂಟಿದ್ದು ಕೊನೆಯವರೆಗೂ ಬಿಡುವುದಿಲ್ಲ ಎನ್ನುವುದು ಹೆಟ್‌ಫೀಲ್ಡ್‌ನ ಲೆಕ್ಕ. (ನಮ್ಮ ಕಲಬುರಗಿಯಲ್ಲಿ ಇರುವುದು ಬೇಸಿಗೆ ಮತ್ತು ಕಡು ಬೇಸಿಗೆ, ಎರಡೇ. ಆ ಲೆಕ್ಕಕ್ಕೆ ನಮಗೆ ಬುದ್ಧಿ ಬಲಿಯುವುದು ಮೂವತ್ತಾರಕ್ಕೆ. ತಪ್ಪೇನೂ ಅಲ್ಲ ಅನ್ನಿಸುತ್ತದೆ.) ಇದೂ ಹನ್ನೆರಡು ಹಾಡು, ಇದೂ 77 ನಿಮಿಷ. ಹಾಡಿನ ಮಾತು ಇದರಲ್ಲಿ ಎಲ್ಲಕ್ಕಿಂತ ಮೇಲು. ಭಯ, ಚಟ, ಸಾಯಬೇಕೆನ್ನುವ ಯೋಚನೆ, ಎಲ್ಲವನ್ನೂ ಅರವತ್ತರ ಹೊಸ್ತಿಲಲ್ಲಿ ನಿಂತ ಗಂಡಸು ಮರೆಮಾಚದೆ ಹೇಳುತ್ತಾನೆ. 2019ರ ಸೆಪ್ಟೆಂಬರ್‌ನಲ್ಲಿ ಅವನು ಮತ್ತೆ ಚಿಕಿತ್ಸೆಗೆ ಹೋದದ್ದು, ಬ್ಯಾಂಡ್ ಆಸ್ಟ್ರೇಲಿಯಾ ಪ್ರವಾಸವನ್ನೇ ಕೈಬಿಟ್ಟದ್ದು ಗೊತ್ತಿದ್ದವರಿಗೆ ಈ ಹಾಡುಗಳು ಬೇರೆಯೇ ಕೇಳಿಸುತ್ತವೆ. ದನಿಯೂ ಚೆನ್ನಾಗಿದೆ. ಮಿಕ್ಸ್‌ನಲ್ಲಿ ಬಾಸ್ ಎದ್ದು ಕೇಳಿಸುತ್ತದೆ.

ಆದರೆ ಗತಿ! ಮೊದಲನೆಯ ಹಾಡಿನ ಓಟ ಮುಗಿದ ಮೇಲೆ ಒಂದರ ಹಿಂದೆ ಒಂದು ನಡುಗತಿಯ ಹಾಡು. ಮೆಲ್ಲಗಿನ ಹಾಡು ಒಂದೂ ಇಲ್ಲ, ಆ ನಾಲ್ಕನೆಯ ಹಾಡಿನ ಪದ್ಧತಿಯನ್ನೇ ಬಿಟ್ಟುಬಿಟ್ಟರು. ಆರನೆಯದಾಗಿ ಬರುವ ಮೂರು ಚಿಲ್ಲರೆ ನಿಮಿಷದ ವೇಗದ ಹಾಡು ಬಂದು ಹೋದದ್ದೇ ತಿಳಿಯುವುದಿಲ್ಲ. ಹುಮನಾಬಾದ್ ಹತ್ತಿರ ಬರುತ್ತಿದ್ದಂತೆ ಕೈ ಬಟನ್ ಹುಡುಕಲು ಶುರು ಮಾಡುತ್ತದೆ. ಹುಮನಾಬಾದ್ ದಾಟಿಯೂ ತಾಳ್ಮೆ ಉಳಿದಿದ್ದರೆ ಹನ್ನೊಂದು ನಿಮಿಷದ ಕೊನೆಯ ಹಾಡು ಸಿಗುತ್ತದೆ. ಇವರು ಈವರೆಗೆ ರೆಕಾರ್ಡ್ ಮಾಡಿದ ಸ್ವಂತ ಹಾಡುಗಳಲ್ಲೇ ಉದ್ದದ್ದು ಅದು. ಮಧ್ಯದಲ್ಲಿ ಎಲ್ಲ ವಾದ್ಯ ಇಳಿದು ಬಾಸ್ ಒಂದೇ ಉಳಿಯುವ ಕಡೆ, ನಲವತ್ತು ವರ್ಷ ಒಟ್ಟಿಗೆ ನುಡಿಸಿದವರು ಮಾತ್ರ ಬಿಡಬಲ್ಲ ಬಿಡುವು ಅದು. ಇದಕ್ಕೋಸ್ಕರ ಉಳಿದ ಅರ್ಧ ಆಲ್ಬಂ ಸಹಿಸಬೇಕೆ ಎಂದು ಕೇಳಿದರೆ ಒಂದು ದಿನ ಹೌದು ಅನ್ನುತ್ತೇನೆ, ಇನ್ನೊಂದು ದಿನ ಇಲ್ಲ.

ಲೈವ್ ಕಡೆ ಬರೋಣ. 2011ರ ಅಕ್ಟೋಬರ್ 30ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ಇವರು ಭಾರತದಲ್ಲಿ ಮೊದಲ ಸಲ ನುಡಿಸಿದರು. ಆಗಿನ್ನೂ ನಮ್ಮೂರು ಕಾಗದದ ಮೇಲೆ ಗುಲ್ಬರ್ಗ. ನಾನೂ ನನ್ನ ದೋಸ್ತನೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದವರು. ಅದಕ್ಕೆ ಎರಡು ದಿನ ಮೊದಲು, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ರದ್ದಾಗಿ ಜನ ವೇದಿಕೆಗೆ ನುಗ್ಗಿ ಒಡೆದಿದ್ದರು. ನಮ್ಮದೂ ಹಾಗೇ ಆಗಬಹುದೆಂದು ರೈಲಿನಲ್ಲಿ ಇಡೀ ರಾತ್ರಿ ನಿದ್ದೆ ಇಲ್ಲ. “ಬರ್ತಾರಂತ ಬಿಡೋ, ಬರ್ಲಿಲ್ಲಾಂದ್ರ ಬೆಂಗಳೂರು ನೋಡ್ಕೊಂಡು ಬರಮು,” ಅಂತ ದೋಸ್ತನ ಸಮಾಧಾನ. ಬಂದರು. ನುಡಿಸಿದರು.

ಆ ರಾತ್ರಿಯ ಬಗ್ಗೆ ನನ್ನ ತೀರ್ಪಿಗೆ ಬೆಲೆ ಇಲ್ಲ, ನಾನು ಕೇಳುತ್ತಿರಲಿಲ್ಲ, ಕಿರುಚುತ್ತಿದ್ದೆ. ಲೈವ್ ತೂಗಲು ರೆಕಾರ್ಡಿಂಗೇ ಬೇಕು. ಅದಕ್ಕೆ ಇವರಷ್ಟು ಅನುಕೂಲ ಮಾಡಿಕೊಟ್ಟವರು ಕಡಿಮೆ. 2004ರಿಂದ ತಮ್ಮ ಕಾರ್ಯಕ್ರಮಗಳನ್ನು ತಾವೇ ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ಕೆಲವೇ ದಿನಗಳಲ್ಲಿ ಮಾರಾಟಕ್ಕೆ ಇಡುತ್ತ ಬಂದಿದ್ದಾರೆ. 2020ರಲ್ಲಿ ಪುಕ್ಕಟೆಯೂ ಸಿಕ್ಕಿತು. ದೇಶದಲ್ಲಿ ಕೋವಿಡ್‌ನ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, ಆ ಮಾರ್ಚ್‌ನಲ್ಲಿ. ಹಾಗಾಗಿ ಉಳಿದ ಊರುಗಳಿಗಿಂತ ಮೊದಲೇ ನಾವು ಬಾಗಿಲು ಹಾಕಿ ಕೂತಿದ್ದೆವು. ಅದೇ ತಿಂಗಳ ಕೊನೆಯಲ್ಲಿ ಇವರು ಪ್ರತಿ ಸೋಮವಾರ ಒಂದು ಹಳೆ ಕಾರ್ಯಕ್ರಮದ ಪೂರ್ತಿ ವಿಡಿಯೋ ಯೂಟ್ಯೂಬ್‌ಗೆ ಹಾಕಲು ಶುರು ಮಾಡಿದರು. ಅಲ್ಲಿ ಸೋಮವಾರ ಸಂಜೆ, ನಮಗೆ ಮಂಗಳವಾರ ನಸುಕು. ಹೊರಗೆ ಪೊಲೀಸ್ ಜೀಪಿನ ಮೈಕು, ಒಳಗೆ ಇವರು.

ಮೊದಲು ಹಾಕಿದ್ದು 2019ರ ಜೂನ್‌ನಲ್ಲಿ ಐರ್ಲೆಂಡಿನ ಸ್ಲೇನ್ ಕೋಟೆಯ ಮುಂದೆ ನಡೆದದ್ದು. ಇದನ್ನೇ ಹೋಲಿಕೆಗೆ ಹಿಡಿದುಕೊಂಡೆ. ಇನ್ನೊಂದು ತಕ್ಕಡಿಗೆ 1989ರ ಸಿಯಾಟಲ್, 1993ರ ಪೆಟ್ಟಿಗೆಯಲ್ಲಿ (ಬಾಕ್ಸ್ ಸೆಟ್) ಬಂದ ರೆಕಾರ್ಡಿಂಗ್. ಒಂದೇ ಹಾಡನ್ನು ಎರಡರಲ್ಲೂ ಹಾಕಿ ಕೇಳಿದರೆ ಮೂವತ್ತು ವರ್ಷ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ. ಸಿಯಾಟಲ್‌ನಲ್ಲಿ ಎಲ್ಲವೂ ಆಲ್ಬಂಗಿಂತ ಜೋರು ಓಟ, ಬೆನ್ನಟ್ಟಿಸಿಕೊಂಡವರಂತೆ. ಸ್ಲೇನ್‌ನಲ್ಲಿ ಉಲ್ರಿಕ್ ಡ್ರಮ್ಮಿನ ಕಷ್ಟದ ಜಾಗಗಳನ್ನು ಸರಳ ಮಾಡಿ ದಾಟಿಸುತ್ತಾನೆ, ಕೆಲವು ಕಡೆ ಗತಿ ತೂಗಾಡಿ ಉಳಿದ ಮೂವರು ಅವನಿಗಾಗಿ ಕಾಯುತ್ತಾರೆ. ಹ್ಯಾಮೆಟ್ ಅಲ್ಲಲ್ಲಿ ಸ್ವರ ನುಂಗುತ್ತಾನೆ. ಇದು ಗುಟ್ಟೇನೂ ಅಲ್ಲ, ಕಿವಿ ಇದ್ದವರಿಗೆಲ್ಲ ಗೊತ್ತು.

ಹೆಟ್‌ಫೀಲ್ಡ್ ವಿಷಯ ಹಾಗಲ್ಲ. 1991ರ ಆಲ್ಬಂ ಹೊತ್ತಿಗೆ ಗಂಟಲು ಕೆಟ್ಟು, ಹಾಡುವುದು ಹೇಗೆಂದು ಗುರುಗಳ ಹತ್ತಿರ ಪಾಠ ಹೇಳಿಸಿಕೊಂಡವ ಅವನು. ತೊಂಬತ್ತರ ದಶಕದ ನಡುವಿನಿಂದ ವೇದಿಕೆಯಲ್ಲಿ ಗಿಟಾರ್‌ಗಳನ್ನು ಅರ್ಧ ಸ್ವರ ಕೆಳಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ, ಅವನ ಗಂಟಲಿಗೆ ಅನುಕೂಲವಾಗಲೆಂದು. ಈ ಅರ್ಧ ಸ್ವರವನ್ನು ಮೋಸ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಹಿರಿಯರನ್ನು ನೋಡಿ: ಏಕತಾರಿ ಇಳಿಸಿ ಕಟ್ಟಿಕೊಂಡು, ಒಡೆದ ದನಿಯಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಹರೆಯದಲ್ಲಿ ಹಾಡಿದಂತೆ ಹಾಡಿ ಅಂತ ಯಾರೂ ಕೇಳುವುದಿಲ್ಲ, ಒಡೆದ ದನಿಗೇ ಪದ ಹೆಚ್ಚು ಒಪ್ಪುತ್ತದೆ. ಸ್ಲೇನ್‌ನಲ್ಲಿ ಹೆಟ್‌ಫೀಲ್ಡ್‌ನ ಕೆಳ ದನಿ ನಿಧಾನದ ಹಾಡುಗಳಿಗೆ ಹಾಗೇ ಒಪ್ಪಿದೆ. 1984ರಲ್ಲಿ ಇಪ್ಪತ್ತರ ಹುಡುಗ ಬದುಕು ಬೇಸರವಾಯಿತು ಅಂತ ಹಾಡಿದರೆ ಅದು ಹುಡುಗನ ಬೇಸರ. ಐವತ್ತು ದಾಟಿದವನು, ಮತ್ತೆ ಚಿಕಿತ್ಸೆಗೆ ಹೋಗಲಿರುವವನು, ಅದನ್ನೇ ಹಾಡಿದಾಗ ನನ್ನ ಮೈ ಜುಮ್ಮೆಂದಿತು.

ಈ ಹೋಲಿಕೆಯನ್ನು ಅರ್ಧ ದಾರಿಗೇ ಬಿಡಬೇಕಾಗುತ್ತದೆ. ತತ್ವಪದ ಮಾಗಿದವರ ಹಾಡು, ಇವರ ಥ್ರ್ಯಾಶ್ ಎನ್ನುವ ಮೆಟಲ್ ಶೈಲಿ ಮಾಗದವರದು. ಅದರ ಜೀವ ಇರುವುದೇ ವೇಗದಲ್ಲಿ, ಬಲಗೈ ಮಣಿಕಟ್ಟಿನಲ್ಲಿ. 1986ರ ಹಾಡನ್ನು ನಿಧಾನ ಮಾಡಿದರೆ ಅನುಭಾವ ಹುಟ್ಟುವುದಿಲ್ಲ, ಹಾಡು ಸೊರಗುತ್ತದೆ. ಇದು ಅವರಿಗೂ ಗೊತ್ತಿದೆ. 2022ರ ಮೇನಲ್ಲಿ ಬ್ರೆಜಿಲ್‌ನ ಬೆಲೊ ಒರಿಜೊಂಟೆಯಲ್ಲಿ ಹೆಟ್‌ಫೀಲ್ಡ್ ಸಾವಿರಾರು ಜನರ ಮುಂದೆ, ವೇದಿಕೆಗೆ ಬರುವ ಮುಂಚೆ ತನಗೆ ಅಳುಕಾಗಿತ್ತು, ವಯಸ್ಸಾಯಿತು, ಇನ್ನು ನುಡಿಸಲಾರೆ ಅನ್ನಿಸಿತ್ತು ಎಂದು ಹೇಳಿಕೊಂಡ. ಉಳಿದ ಮೂವರು ಬಂದು ತಬ್ಬಿಕೊಂಡರು. ಆ ವಿಡಿಯೋ ನೋಡಿದ ಮೇಲೆ ಉಲ್ರಿಕ್‌ನ ತಪ್ಪು ಎಣಿಸುವುದು ನಾನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಶುರುವಾದ ಪ್ರವಾಸದಲ್ಲಿ ಇನ್ನೊಂದು ಸಾಹಸ ಮಾಡಿದ್ದಾರೆ: ಒಂದು ಊರಿನಲ್ಲಿ ಎರಡು ರಾತ್ರಿ, ಎರಡನೆಯ ರಾತ್ರಿ ಮೊದಲನೆಯ ರಾತ್ರಿಯ ಒಂದು ಹಾಡೂ ಇಲ್ಲ. ಸ್ಟೇಡಿಯಂ ನಡುವೆ ಉಂಗುರದಂಥ ವೇದಿಕೆ, ಉಂಗುರದ ಒಳಗೆ ಜನ. ಅರವತ್ತರವರು ಇದನ್ನು ಮಾಡಲೇಬೇಕೆಂದೇನೂ ಇರಲಿಲ್ಲ, ಹದಿನಾರು ಹಾಡು ಗಟ್ಟಿ ಮಾಡಿಕೊಂಡು ಅವನ್ನೇ ಊರೂರಿಗೆ ತಿರುಗಿಸಿದ್ದರೂ ಟಿಕೆಟ್ ಹೋಗುತ್ತಿದ್ದವು. ಆ ಪ್ರವಾಸದ ರೆಕಾರ್ಡಿಂಗ್‌ಗಳಲ್ಲಿ ನಾನು ಗಮನಿಸಿದ್ದು, ‘72 ಸೀಸನ್ಸ್’ನ ಹಾಡುಗಳು ವೇದಿಕೆಯ ಮೇಲೆ ಒಳ್ಳೆಯವಾಗಿಬಿಡುತ್ತವೆ. ಸಾಲಾಗಿ ಹನ್ನೆರಡು ಕೇಳಬೇಕಾದಾಗ ಭಾರವಾಗುವ ನಡುಗತಿ, ಎರಡು ಹಳೆ ಓಟದ ಹಾಡುಗಳ ನಡುವೆ ಒಂದೇ ಒಂದಾಗಿ ಬಂದಾಗ ಸರಿಯಾದ ಜಾಗದಲ್ಲಿ ಕೂರುತ್ತದೆ. ಅವು ಇವರ ಈಗಿನ ಕೈಗೆ, ಈಗಿನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದವು. ಹಳೆಯವನ್ನು ನುಡಿಸುವಾಗ ಇರುವ ಏದುಸಿರು ಅಲ್ಲಿಲ್ಲ.

ಹಾಗಾದರೆ ಯಾವುದು ಮೇಲು? ನನ್ನ ಮಟ್ಟಿಗೆ ಲೈವ್, ಅದರಲ್ಲೂ 2017ರಿಂದ 2019ರವರೆಗಿನದು. ಆಲ್ಬಂಗಳನ್ನು ಮಾತ್ರ ಸಾಲಿಗೆ ನಿಲ್ಲಿಸಿದರೆ ‘ಹಾರ್ಡ್‌ವೈರ್ಡ್’ನ ಮೊದಲ ಡಿಸ್ಕ್, ಅದಕ್ಕೆ ಎರಡನೆಯದರ ಕೊನೆಯ ಹಾಡು ಸೇರಿಸಿ 44 ನಿಮಿಷ, ಅಷ್ಟೇ. ‘72 ಸೀಸನ್ಸ್’ ಮಾತಿಗಾಗಿ ಮತ್ತು ಆ ಹನ್ನೊಂದು ನಿಮಿಷಕ್ಕಾಗಿ ಎರಡನೆಯದು. ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಹಾಡುಗಳು ‘72’ಕ್ಕಿಂತ ಚೆನ್ನಾಗಿದ್ದರೂ ಮೂರನೆಯದು, ಕಿವಿಗೆ ನೋವು ಕೊಡುವುದನ್ನು ಮೇಲೆ ಇಡಲಾರೆ. ಹಳೆ ಆಲ್ಬಂಗಳ ದುಬಾರಿ ಪೆಟ್ಟಿಗೆಗಳ ಗೋಜಿಗೆ ನಾನು ಹೋಗಿಲ್ಲ. ಫೋನಿನಲ್ಲಿ ಹೊಸ ರೀಮಾಸ್ಟರ್ (ಹಳೆ ರೆಕಾರ್ಡಿಂಗಿನ ಸದ್ದನ್ನು ತಿದ್ದಿ ಮತ್ತೆ ತಂದದ್ದು) ಕೇಳಿ ಸಾಕು ಅನ್ನಿಸಿತು.

ಇದನ್ನೆಲ್ಲ ಪಟ್ಟಿ ಮಾಡಿ ಅಕ್ಕನ ಮಗನಿಗೆ ಕಳಿಸಿದೆ. ಒಂದು ವಾರ ಸುದ್ದಿ ಇಲ್ಲ. ಆಮೇಲೆ ಫೋನ್ ಮಾಡಿ, ‘72 ಸೀಸನ್ಸ್’ ಪೂರ್ತಿ ಕೇಳಿದೆ, ನೀನು ತಲೆ ಮೇಲೆ ಹೊತ್ತುಕೊಂಡು ತಿರುಗುವ 1988ರ ಆಲ್ಬಂಗಿಂತ ಅದೇ ಚಲೋ ಅಂದ. ನನಗೆ ಸಿಟ್ಟು ಬಂತು. ಯಾಕೆ ಅಂತ ಕೇಳಿದೆ. “ಮಾಮಾ, ಇದರಾಗ ಬಾಸ್ ಕೇಳಸ್ತದ. ಅದರಾಗ ಬಾಸ್ ಬಾರಿಸಾವ ಅದಾನೋ ಇಲ್ಲೋ ಅಂತನೇ ತಿಳಿವಲ್ದು.”

1988ರ ಆಲ್ಬಂನಲ್ಲಿ ನ್ಯೂಸ್ಟೆಡ್‌ನ ಬಾಸನ್ನು ಕೇಳಿಸದಷ್ಟು ಇಳಿಸಿದ್ದು ನಿಜ. 2018ರಲ್ಲಿ ಅದನ್ನು ರೀಮಾಸ್ಟರ್ ಮಾಡಿದಾಗಲೂ ಬಾಸ್ ಮೇಲೆತ್ತಲಿಲ್ಲ. ಹಾಗಾಗಿ ಫೋನಿನಲ್ಲಿ ತಿರುಗಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈ ಸಲ ಬೀದರಿಗೆ ಅವನೂ ಬರುತ್ತಾನಂತೆ. ಹುಮನಾಬಾದ್‌ವರೆಗೆ ಅವನ ಆಲ್ಬಂ, ಅಲ್ಲಿಂದ ಮುಂದಕ್ಕೆ ನನ್ನದು.